ನಿಶ್ಚಲ ನೀರಿನಲ್ಲಿ

ನಿಶ್ಚಲ ನೀರಿನಲ್ಲಿ ದೋಣಿಯ ವೇಗ
ಗಂಟೆಗೆ ಹನ್ನೆರಡು ಕಿಲೋಮೀಟರ್. ಪ್ರವಾಹದ ವೇಗ ಮೂರು.
ನಲವತ್ತೈದು ಕಿಲೋಮೀಟರ್ ಹೋಗಿ ಅಷ್ಟೇ ದೂರ ಮರಳಲು
ಬೇಕಾಗುವ ಒಟ್ಟು ಸಮಯ ಎಷ್ಟು?

ಗಟ್ಟಿಯಾಗಿ ಓದಿದ್ದು ನನ್ನ ತಪ್ಪು.
ಹೊಳೆಬಾಗಿಲಿನ ದಡದಲ್ಲಿ ಲಾಂಚಿನ ಹಗ್ಗ ಬಿಗಿಯುತ್ತಿದ್ದ ಅಪ್ಪ
ಅಲ್ಲಿಂದಲೇ ಕೇಳಿದ: ಯಾವ ಹೊಳೆಯೇ ಅದು?
ಹೆಸರು ಕೊಟ್ಟಿಲ್ಲ.
ಹೆಸರಿಲ್ಲದ ಹೊಳೆ ಉಂಟಾ? ಡೀಸೆಲ್ ಯಾರದ್ದು?
ಅದನ್ನೂ ಕೊಟ್ಟಿಲ್ಲ.
ಮತ್ತೆ ಎಂತ ಕೊಟ್ಟಿದಾರೆ ಮಾರಾಯ್ತಿ?
ಐವತ್ನಾಲ್ಕು ಸೆಕೆಂಡು ಕೊಟ್ಟಿದಾರೆ, ಅಂದೆ.

ಸಾಗರದ ಕೋಚಿಂಗಿನಲ್ಲಿ ಸಿಪ್ರಿಯನ್ ಸರ್ ಹೇಳುತ್ತಾರೆ:
ಪ್ರಶ್ನೆಗೆ ಮರುಪ್ರಶ್ನೆ ಹಾಕುವವರು ಪಾಸಾಗುವುದಿಲ್ಲ.
ನಾಲ್ಕರಲ್ಲಿ ಎರಡನ್ನು ಮೊದಲು ಹೊಡೆದುಹಾಕಿ,
ಉಳಿದದ್ದರಲ್ಲಿ ಒಂದು ನಿಮ್ಮದು.
ನಾನು ಹೊಡೆದುಹಾಕುತ್ತೇನೆ.
ಆದರೆ ಓದುವುದು ಲಾಂಚಿನ ಮೇಲೆ,
ಎರಡು ಕಾರು ಒಂದು ಹಾಲಿನ ಗಾಡಿಯ ನಡುವೆ,
ಇಲ್ಲಿ ಎಲ್ಲರೂ ಮರುಪ್ರಶ್ನೆಯವರೇ.

ರಮೇಶ ಉತ್ತರಕ್ಕೆ ಐದು ಕಿಲೋಮೀಟರ್ ನಡೆದು ಬಲಕ್ಕೆ ತಿರುಗುತ್ತಾನೆ.
ನಮ್ಮ ದಡದಿಂದ ಹೊರಟರೆ ಪಾಪ
ಮೊದಲನೇ ವಾಕ್ಯದಲ್ಲೇ ಮುಳುಗುತ್ತಾನೆ.

ಫೋಟೋದಲ್ಲಿರುವ ಹುಡುಗಿಯನ್ನು ತೋರಿಸಿ ಒಬ್ಬ ಹೇಳುತ್ತಾನೆ:
ಇವಳ ತಾಯಿ ನನ್ನ ತಾಯಿಯ ಒಬ್ಬಳೇ ಮಗಳು.
ಮೀನಿನ ಬುಟ್ಟಿ ಇಳಿಸಿ ಹೂವಮ್ಮ ನಕ್ಕಳು:
ಅಕ್ಕನ ಮಗಳು ಅನ್ನಲಿಕ್ಕೆ ಅವನಿಗೆ ಎಂತ ಧಾಡಿ?
ಹೆಂಡತಿಯೂ ಆಗಿರಬಹುದಲ್ಲ, ಆ ಆಪ್ಷನ್ ಇದೆಯಾ ನೋಡು.
ನೋಡಿದೆ. ಸಿ: ಸೋದರ ಸೊಸೆ. ಡಿ: ಹೆಂಡತಿ.
ಅವಳೆದುರು ನನಗೆ ಯಾವುದನ್ನೂ ಹೊಡೆಯಲಾಗಲಿಲ್ಲ.

ಆ ರಾತ್ರಿ ಅಪ್ಪ ಹಳೇ ಲಾಗ್ ಬುಕ್ಕಿನ ಹಾಳೆ ತಂದ.
ನಾಲ್ಕನೇ ಇಯತ್ತೆಯ ಅಂಕಿಗಳು, ಒಂದೊಂದೂ ಗೂಟದ ಹಾಗೆ.
ನಿಂತ ನೀರಾದರೆ ಹೋಗಿ ಬರಲಿಕ್ಕೆ ಏಳೂವರೆ ಗಂಟೆ.
ಹರಿಯುವ ನೀರಲ್ಲಿ ಎಂಟು.
ಹೋಗುವಾಗ ಮುಕ್ಕಾಲು ಗಂಟೆ ಉಳಿಸಿ ಕೊಡ್ತದೆ,
ಬರುವಾಗ ಒಂದೂಕಾಲು ಕಿತ್ತುಕೊಳ್ತದೆ.
ಮಧ್ಯದ ಅರ್ಧ ಗಂಟೆ ಎಲ್ಲಿಗೆ ಹೋಯ್ತೇ?

ಎಂಟು ಅಂತ ಬಂದರೆ ಸಾಕಪ್ಪ, ಆಪ್ಷನ್ ಬಿ.
ಅವನಿಗೆ ಸಾಕಾಗಲಿಲ್ಲ.
ಇಪ್ಪತ್ತೆರಡು ವರ್ಷ ಹರಿಯದ ನೀರಿನ ಮೇಲೆ
ಹೋಗಿದ್ದಾನೆ, ಬಂದಿದ್ದಾನೆ.
ಕೆಳಗೆಲ್ಲೋ ಅವನಪ್ಪ ಬಿಟ್ಟುಬಂದ ಗದ್ದೆ.
ಮೇಲೆ, ಬಲಗಡೆ, ಸೇತುವೆಯ ಕಂಬಗಳು;
ಮೂರು, ಏಳು, ಹದಿಮೂರು, ಇಪ್ಪತ್ತೊಂದು ಎಂಬಂತೆ
ಪ್ರತಿ ಸಲ ನೋಡಿದಾಗ ಹೆಚ್ಚು.
ಮುಂದಿನ ಸಂಖ್ಯೆ ಯಾವುದೆಂದು
ಅವನು ಕೇಳಿಲ್ಲ, ನಾನೂ ಹೇಳಿಲ್ಲ.

ತಪ್ಪು ಬರೆದರೆ ಎಷ್ಟು ಕಳೀತಾರೆ?
ಕಾಲು ಅಂಕ.
ಬಿಟ್ಟರೆ?
ಬಿಟ್ಟರೆ ಏನೂ ಕಳೆಯೋದಿಲ್ಲ.
ಅಪ್ಪ ಕತ್ತಲಲ್ಲಿ ನೀರಿದ್ದ ಕಡೆ ನೋಡಿದ.
ಅದು ಚಲೋ, ಅಂದ.

ಶಿವಮೊಗ್ಗದಲ್ಲಿ ಪರೀಕ್ಷೆ. ಬಾಗಿಲಲ್ಲಿ ಕಿವಿಯೋಲೆ ಬಿಚ್ಚಿಸಿದರು,
ವಾಚು ಬಿಚ್ಚಿಸಿದರು, ನೀರಿನ ಬಾಟಲಿಯ ಲೇಬಲ್ಲನ್ನೂ ಕಿತ್ತರು.
ಅರವತ್ತೊಂದನೆಯ ಪ್ರಶ್ನೆ:
ದೋಣಿಯ ವೇಗ ಹತ್ತು, ಪ್ರವಾಹದ್ದು ಎರಡು, ದೂರ ನಲವತ್ತೆಂಟು.
ಹೋಗಲು ನಾಲ್ಕು, ಬರಲು ಆರು. ಹತ್ತು ಗಂಟೆ.
ವೃತ್ತ ತುಂಬಿ, ಅಂಚು ದಾಟದ ಹಾಗೆ ತುಂಬಿ,
ನೋಡಿದರೆ ಗೋಡೆಯ ಗಡಿಯಾರದಲ್ಲಿ
ನನಗೆ ಇಪ್ಪತ್ತು ಸೆಕೆಂಡು ಉಳಿದಿತ್ತು.
ಅಷ್ಟರಲ್ಲಿ ಆ ಹೊಳೆಗೆ ಒಂದು ಹೆಸರಿಟ್ಟೆ.

ಕೊನೆಯ ಲಾಂಚಿಗೆ ಬಂದೆ.
ಅಪ್ಪ ಮಾರ್ಕು ಕೇಳಲಿಲ್ಲ, ಊಟ ಆಯ್ತಾ ಅಂತಲೂ ಕೇಳಲಿಲ್ಲ.
ಹೊಳೆ ಬಂದಿತ್ತಾ?
ಬಂದಿತ್ತು.
ಹಗ್ಗ ಬಿಚ್ಚಿದ, ನಡುವಿನ ತನಕ ಸುಮ್ಮನಿದ್ದ.
ಹರೀತಿತ್ತಾ?
ಗಂಟೆಗೆ ಎರಡು ಕಿಲೋಮೀಟರ್, ಅಂದೆ.